ಏಲಕ್ಕಿ ಮಂಡಿಯ ಸರ್ವರ್ ಏಳದ ಬೆಳಿಗ್ಗೆ

ಫೋನ್ ಮಾಡಿ ಕೇಳಿದರೆ ಮುಗಿಯುವ ಕೆಲಸ ಎಂದು ಮುತ್ತುಸೆಲ್ವಿಗೆ ಗೊತ್ತಿತ್ತು. ಆದರೆ ಫೋನ್ ಮಾಡಬೇಕಾಗಿದ್ದುದು ಪಾಂಡಿಯರಾಜನ್‌ಗೆ. ತೊಡಕು ಬಂದದ್ದೇ ಅಲ್ಲಿ.

ಬೋಡಿನಾಯಕನೂರಿನ ಆ ಏಲಕ್ಕಿ ಮಂಡಿಯ ಕಂಪ್ಯೂಟರುಗಳನ್ನು ಅವಳಿಗಿಂತ ಮೊದಲು ನೋಡಿಕೊಳ್ಳುತ್ತಿದ್ದವನು, ಅವಳಿಗೆ ಕೆಲಸ ಕಲಿಸಿದವನು ಅವನೇ. ಅದಕ್ಕೂ ಮೊದಲು ಅವಳ ಸೋದರಮಾವನ ಮಗ. ತಮಿಳುನಾಡಿನ ತೇನಿ ಸೀಮೆಯ ಈ ಕನ್ನಡದ ಮನೆಗಳಲ್ಲಿ ಹೆಣ್ಣು ಕೇಳುವ ಮೊದಲ ಹಕ್ಕು ಸೋದರಮಾವನ ಮಗನದು. ಬೇರೆ ಕಡೆ ಕೊಟ್ಟರೆ ಯಾರೂ ಅಡ್ಡ ಬರುವುದಿಲ್ಲ. ಆದರೆ ಮೊದಲು ಎಲೆ ಅಡಿಕೆ ಹಿಡಿದು ಅವನ ಮನೆಗೆ ಹೋಗಿ ಒಂದು ಮಾತು ಕೇಳಿ ಬರಬೇಕು, ಅಷ್ಟೆ. ಆಂಡಿಪಟ್ಟಿಯ ಸಂಬಂಧ ಕೂಡಿಬಂದಾಗ ಅಪ್ಪ ಹೊರಟು ನಿಂತಿದ್ದರು. ತಡೆದವಳು ಇವಳು.

"ಅವ್ರೇನ್ ಅಸಲೂರವ್ರಾ ಅಪ್ಪಾ? ಪತ್ರಿಕೆ ಕೊಡ್ವಾಗ ಹೇಳಿದ್ರಾತು."

ಅಸಲೂರವರಿಗೆ, ಎಂದರೆ ಹೊರಗಿನವರಿಗೆ, ಮಾಡುವ ಉಪಚಾರ ಮನೆಯವರಿಗೇಕೆ ಎಂದು ಅವಳ ಲೆಕ್ಕ. ಮದುವೆಯ ಪತ್ರಿಕೆ ಹೋಯಿತು, ಪಾಂಡಿಯ ತಾಯಿ ರಂಗಮ್ಮಾಳ್ ಅತ್ತೆ ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ. ಪಾಂಡಿ ಇವಳ ಮೇಲೆ ಆಸೆ ಇಟ್ಟುಕೊಂಡವನೇನಲ್ಲ, ಅದು ಇಬ್ಬರಿಗೂ ತಿಳಿದ ವಿಷಯ. ಆದರೂ ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬುದು ಅವನಿಗೆ ನಾಟಿತು. ಕೆಲಸ ಬಿಟ್ಟು ದಿಂಡಿಗಲ್‌ನ ನೂಲಿನ ಗಿರಣಿ ಸೇರಿಕೊಂಡ. ಎರಡು ವರ್ಷದಿಂದ ಮಾತಿಲ್ಲ. ಈ ಎರಡು ವರ್ಷದಲ್ಲಿ ಅವಳು ಅವನ ನಂಬರ್ ತೆಗೆದದ್ದೆಷ್ಟು ಸಲವೋ, ಒತ್ತದೆ ಇಟ್ಟದ್ದೂ ಅಷ್ಟೇ ಸಲ. ಮೊದಲಿನಂತೆ ಅವನು "ಏ ಪುಳ್ಳೆ" ಎಂದು ಹುಡುಗಿಯನ್ನು ಕರೆವ ಸಲಿಗೆಯಲ್ಲಿ ಗದರಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವಳ ಮನಸ್ಸು ಕಾಯುತ್ತಿತ್ತು.

ರಾತ್ರಿ ಹೋದ ಕರೆಂಟು ಬೆಳಿಗ್ಗೆ ಬಂದಿತ್ತು. ಸರ್ವರ್ ಹಾಕಿದರೆ ಮಂಡಿಯ ಲೆಕ್ಕವೆಲ್ಲ ಇರುವ ಡೇಟಾಬೇಸ್ ಮಾತ್ರ ಏಳುತ್ತಲೇ ಮಲಗಿತು. ಅದು ಕಾಯಬೇಕಾದ ಪೋರ್ಟ್‌ನಲ್ಲಿ, ಎಂದರೆ ಬೇರೆ ಕಂಪ್ಯೂಟರುಗಳು ಬಂದು ತಟ್ಟುವ ಬಾಗಿಲಲ್ಲಿ, ಆಗಲೇ ಬೇರೇನೋ ಇದೆ ಎಂದು ಲಾಗ್ ಹೇಳುತ್ತಿತ್ತು. ಒಂದು ಪೋರ್ಟ್‌ನಲ್ಲಿ ಇಬ್ಬರು ಕೂರುವಂತಿಲ್ಲ. ಯಾರಪ್ಪ ಎಂದು ಹುಡುಕಿದಳು. ಅವಳೆಂದೂ ಕಾಣದ ಇನ್ನೊಂದು ಡೇಟಾಬೇಸ್. ನಿಲ್ಲಿಸಿದಳು, ಎದ್ದು ಬಂತು. ಮತ್ತೆ ನಿಲ್ಲಿಸಿದಳು, ಮತ್ತೆ ಬಂತು. ಹಟ ಹಿಡಿದು ಮಂಡಿಯ ದೊಡ್ಡ ಡೇಟಾಬೇಸಿಗೆ ಬೇರೆ ಪೋರ್ಟ್ ಕೊಟ್ಟಳು. ಅದೇನೋ ಎದ್ದಿತು, ಆದರೆ ತಕ್ಕಡಿಯ ಕಂಪ್ಯೂಟರುಗಳು ಹಳೆಯ ಪೋರ್ಟ್‌ನಲ್ಲೇ ಹುಡುಕಿ ಕಾಣದೆ ಸುಮ್ಮನಾದವು. ಮೊದಲಿದ್ದಂತೆ ಮಾಡಿಟ್ಟಳು. ಹೊರಗೆ ಬೆಟ್ಟದಿಂದಿಳಿದ ಜೀಪುಗಳ ಮೂಟೆಗಳು ತೂಕವಾಗದೆ ಬಿದ್ದಿದ್ದವು.

ಮಂಡಿಯ ಯಜಮಾನ ಜೆಯರಾಜ್ ಬಾಗಿಲಲ್ಲಿ ಬಂದು ನಿಂತರು. ಅವರೂ ಕನ್ನಡದವರೇ, ಎರಡು ಮನೆಗಳ ಮಾತು ಮುರಿದ ಕಥೆ ತಿಳಿದವರೇ.

"ಪಾಂಡಿಗೆ ಫೋನ್ ಹಾಕ್ ತಾಯಿ. ಅವ್ನ್ ಹೂಡಿದ್ದು ಅವ್ನ್‌ಗೇ ತಿಳ್ಯೋದು."

ಸುಳ್ಳೇಕೆ ಹೇಳಬೇಕು, ಅವಳಿಗೆ ಅಂಜಿಕೆಯ ಜೊತೆಗೆ ಸಂತೋಷವೂ ಆಯಿತು. ಇಷ್ಟು ದಿನ ಸಿಗದ ನೆಪ ಸಿಕ್ಕಿತ್ತು. ಒತ್ತಿದಳು, ಬಾವ ಎನ್ನುವ ಹಳೆಯ ಸಲಿಗೆಯಲ್ಲೇ ಕರೆದಳು.

"ಮಚ್ಚಾನ್, ನಾನು ಸೆಲ್ವಿ."

"ಸೊಲ್ಲುಂಗ ಮೇಡಂ" ಎಂದ ಪಾಂಡಿ.

ಹೇಳಿ ಮೇಡಂ. ತಮಿಳಿನಲ್ಲಿ, ಬಹುವಚನದಲ್ಲಿ. ಹುಟ್ಟಿದಾಗಿನಿಂದ ಇವಳೊಡನೆ ಮನೆಮಾತು ಕನ್ನಡ ಬಿಟ್ಟು ಬೇರೆ ಆಡದ ಬಾಯಿ ಅದು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅವಳು ಕನ್ನಡದಲ್ಲೇ ಎಲ್ಲ ಹೇಳಿದಳು. ಅವನು ತಮಿಳಿನಲ್ಲೇ ಸಾವಧಾನವಾಗಿ ಬಿಡಿಸಿ ಹೇಳಿದ. ಅದು ಹಿಂದೆ ಪರೀಕ್ಷೆಗೆಂದು ಅವನೇ ಇಟ್ಟಿದ್ದ ಡೇಟಾಬೇಸ್. ಯಂತ್ರ ಹಾಕಿದಾಗಲೆಲ್ಲ ಅದೂ ಏಳುತ್ತದೆ, ಆದರೆ ಅಷ್ಟರಲ್ಲಿ ದೊಡ್ಡದು ಪೋರ್ಟ್ ಹಿಡಿದಿರುತ್ತದೆ. ರಾತ್ರಿ ಕರೆಂಟು ದಿಢೀರನೆ ಹೋಗಿದ್ದರಿಂದ ಈವತ್ತು ದೊಡ್ಡದು ತನ್ನ ಲೆಕ್ಕ ಸರಿಪಡಿಸಿಕೊಂಡು ಏಳುವಾಗ ತಡವಾಯಿತು. ಹಾಗೇ ನಿಲ್ಲಿಸಿದರೆ ಅದನ್ನು ಎಬ್ಬಿಸುವ ಸರ್ವಿಸ್ ಬಿಡುವುದಿಲ್ಲ. ಮೊದಲು ಆ ಸರ್ವಿಸನ್ನೇ ನಿಲ್ಲಿಸಿ, ಮತ್ತೆ ಏಳದಂತೆ ಮಾಡಿ, ಆಮೇಲೆ ದೊಡ್ಡದನ್ನು ಹಾಕಿ ಎಂದ.

ಅವಳು ಹಾಗೇ ಮಾಡಿದಳು. ಡೇಟಾಬೇಸ್ ಎದ್ದು ನಿಂತಿತು. ಹೊರಗೆ ತಕ್ಕಡಿಯವರು ಮೂಟೆ ಎಳೆಯತೊಡಗಿದರು.

"ತಪ್ಪು ನನ್ನದು ಮೇಡಂ," ಎಂದ ಅವನು, ಅದೇ ತಮಿಳಿನಲ್ಲಿ. "ಬಿಟ್ಟು ಹೋಗುವಾಗ ನಿಮಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಅವನು ಕುಟುಕಲೆಂದು ಆಡಿದ ಮಾತಲ್ಲ ಅದು. ಕೆಲಸದ ಬಗ್ಗೆ ನಿಜವಾಗಿ ನೊಂದು ಹೇಳಿದ್ದ. ಅದಕ್ಕೇ ಅವಳಿಗೆ ಕುರ್ಚಿಯಲ್ಲಿ ಕೂತಿರಲಾಗಲಿಲ್ಲ. ತಾನು ಎರಡು ವರ್ಷದಿಂದ ನುಂಗಿಕೊಂಡಿದ್ದ ಮಾತನ್ನು ಅವನು ಒಂದು ಡಬ್ಬಿ ಯಂತ್ರಕ್ಕಾಗಿ ಎಷ್ಟು ಸಲೀಸಾಗಿ ಆಡಿಬಿಟ್ಟ.

"ಮಚ್ಚಾನ್," ಎಂದಳು ಎದ್ದು ನಿಂತು. "ಮದ್ವೆ ನಿಚ್ಚಯ ಆದಾಗ ನಾನೇ ಮನೀಗ್ ಬಂದ್ ಕೇಳ್ಬೇಕಿತ್ತು. ಅಪ್ಪಂದ್ ಏನೂ ತಪ್ಪಿಲ್ಲ. ಬ್ಯಾಡ ಅಂದೋಳು ನಾನು."

ಗಿರಣಿಯ ಸದ್ದಿನಲ್ಲಿ ಅವನು ಏನೋ ಹೇಳಹೊರಟಂತಾಯಿತು. ಏನೆಂದು ಅವಳಿಗೆ ತಿಳಿಯಲೇ ಇಲ್ಲ.

"ಅದೆಲ್ಲ ಈಗ ಯಾಕೆ ಬಿಡಿ ಮೇಡಂ," ಎಂದ ಕೊನೆಗೆ, ತಮಿಳಿನಲ್ಲೇ. "ಬೇರೇನಾದರೂ ತೊಂದರೆ ಇದೆಯಾ? ಫೋನ್ ಇಡಲಾ?"

ತನ್ನ ಮಾತು ಮುಗಿದ ಕೂಡಲೇ ಪಟ್ಟನೆ ಫೋನ್ ಇಡುತ್ತಿದ್ದವನು ಈಗ ಇಡಲು ಅಪ್ಪಣೆ ಕೇಳುತ್ತಿದ್ದ.

"ಸರಿಂಗ" ಎಂದಳು ಮುತ್ತುಸೆಲ್ವಿ, ಅವಳೂ ತಮಿಳಿನಲ್ಲಿ, ಬಹುವಚನದಲ್ಲಿ.