ಎರಡನೇ ಗೂಡಿನ ಕಿವಿಗಳು

ಡೈರಿಯಲ್ಲಿ ಬರೆದುಕೊಳ್ಳಲೂ ಅಂಜುತ್ತಿದ್ದ ಸಂಗತಿಯೊಂದು ನನ್ನಲ್ಲಿತ್ತು. ಎರಡನೇ ಗೂಡಿನ ಗಿನಿಹಂದಿಗಳಿಗೂ ನಾನು ಒಂದು ತಿಂಗಳಿಂದ ನೆಲ್ಲಿಕಾಯಿ ತಿನ್ನಿಸುತ್ತಿದ್ದೆ. ತಿನ್ನಿಸಬಾರದಿತ್ತು. ಗೊತ್ತಾದರೆ ಕೆಲಸ ಹೋಗುತ್ತಿತ್ತು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಔಷಧಿ ಕಾರ್ಖಾನೆಯೊಂದರ ಲ್ಯಾಬು ನಮ್ಮದು. ಗೂಡುಗಳಿಗೆ ಮೇವು ಹಾಕುವುದು, ಲೆಕ್ಕ ಬರೆಯುವುದು ನನ್ನ ಪಾಲಿನದು. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸುತ್ತದೆ, ಕೆಲವರ ಕಿವಿ ಕಿತ್ತುಕೊಳ್ಳುತ್ತದೆ. ಗೂಡು ತೊಳೆಯುವ ಮುನಿರಾಮಯ್ಯನವರ ಕಿವಿ ಹೋದದ್ದು ಹಾಗೆಯೇ. ನೆಲ್ಲಿಕಾಯಿ ಅದನ್ನು ತಡೆದೀತೇ ಎಂದು ನೋಡಲು ಡಾಕ್ಟರ್ ಲಕ್ಷ್ಮೀಪತಿ ಹೊರಟಿದ್ದರು. ಎರಡೂ ಗೂಡಿಗೆ ಇಂಜೆಕ್ಷನ್. ನೆಲ್ಲಿಕಾಯಿ ಮೊದಲನೆಯದಕ್ಕೆ ಮಾತ್ರ.

ಈ ಸಲದ ಪ್ರಯೋಗ ಶುರುವಾದದ್ದು ಉತ್ಥಾನ ದ್ವಾದಶಿಯಂದು. ಮನೆಯ ತುಳಸಿಕಟ್ಟೆಯಲ್ಲಿ ನೆಲ್ಲಿಯ ಕೊಂಬೆ ನೆಟ್ಟು ಬಂದವಳಿಗೆ, ಒಂದು ಸಾಲಿಗೆ ಬಡಿಸಿ ಪಕ್ಕದ ಸಾಲನ್ನು ದಾಟಿ ಹೋಗಲು ಆಗಲಿಲ್ಲ. ಪಂಕ್ತಿಭೇದಕ್ಕಿಂತ ದೊಡ್ಡ ಪಾಪವಿಲ್ಲವೆಂದು ಕೇಳುತ್ತಲೇ ಬೆಳೆದವಳು ನಾನು. ಮಾರನೆಯ ದಿನ ಎರಡನೇ ಗೂಡಿನವು ಸರಳಿಗೆ ಮೂತಿಯಿಟ್ಟು ಕಾಯುತ್ತಿದ್ದವು.

ಒಮ್ಮೆ ಡಾಕ್ಟರು ಒಳಗಿವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಅವರೆಕಾಳಿಗಿಂತ ಚಿಕ್ಕದೊಂದು ಬಸವನಹುಳುವಿನ ಚಿಪ್ಪು. ಅದರ ಸುರುಳಿಯುದ್ದಕ್ಕೂ ರಂಗೋಲಿಯ ಚುಕ್ಕಿಗಳಂತೆ ಸಾಲು ತಪ್ಪದ ಕೋಶಗಳು. ಔಷಧಿ ತಗುಲಿದ ಕಿವಿಯಲ್ಲಿ ಚುಕ್ಕಿಗಳು ಅಳಿಸಿಹೋಗಿದ್ದವು. ಮತ್ತೆ ಹುಟ್ಟುವುದಿಲ್ಲವಂತೆ. ರೇಡಿಯೋದ ಸುಪ್ರಭಾತ, ಸೊಪ್ಪಿನವಳ ಕೂಗು, ಅಮ್ಮ ನನ್ನನ್ನು ಕರೆದ ಅಷ್ಟೂ ಸಲ, ಎಲ್ಲವೂ ಇಷ್ಟು ಕಿರಿದಾದ ಬಾಗಿಲಿನಿಂದಲೇ ಒಳಬಂದವೇ ಎಂದು ಮೈ ಜುಮ್ಮೆಂದಿತ್ತು.

ಪರೀಕ್ಷೆಯ ದಿನ ಡಾಕ್ಟರು ಪರದೆಯ ಹಿಂದೆ ನಿಂತು ಗಂಟೆ ಬಾರಿಸಿದರು. ಮೊದಲನೇ ಗೂಡಿನಲ್ಲಿ ಆರು ಜೊತೆ ಕಿವಿಗಳು ಒಮ್ಮೆಲೇ ಅಲುಗಿದವು. ಎರಡನೆಯದರಲ್ಲೂ ಆರು. ಕಳೆದ ಸಲ ನೆಲ್ಲಿಕಾಯಿಯಿಲ್ಲದೆ ಬರೀ ಇಂಜೆಕ್ಷನ್ ಪಡೆದ ಆರೂ ಕಿವುಡಾಗಿದ್ದವು.

ಡಾಕ್ಟರು ಕನ್ನಡಕ ತೆಗೆದರು. "ಎರಡೂ ಒಂದೇ. ಈ ಸಲದ ಔಷಧೀನೇ ಸಪ್ಪೆ ಇರ್ಬೇಕು. ನೆಲ್ಲಿಕಾಯಿ ಮಹಿಮೆ ಏನೂ ಇಲ್ಲ. ಹಾಗೇ ಬರ್ಕೊಳಮ್ಮ ತುಂಗಾ, ಇಲ್ಲಿಗೆ ಮುಗಿಸೋಣ."

ಪೆನ್ನು ಮೇಲೇಳಲಿಲ್ಲ. ನಾನು ಏನೋ ಗೊಣಗಿದೆ.

"ತುಟಿ ಆಡ್ತಾ ಇದೆ ಸಾರ್," ಎಂದು ಗೂಡುಗಳ ಬಳಿ ನಿಂತಿದ್ದ ಮುನಿರಾಮಯ್ಯ ನಕ್ಕರು. "ಈಯಮ್ಮನ ಮಾತು ಕೇಳೋಕೆ ಆ ಹಂದಿಗಳ ಕಿವೀನೇ ಬೇಕು. ಸ್ವಲ್ಪ ಜೋರಾಗಿ ಹೇಳಿ ತಾಯಿ, ನಾನೂ ಕೇಳ್ತೀನಿ."

ಅವರು ಕಿವಿಗೆ ಅಂಗೈ ಒಡ್ಡಿ ನನ್ನತ್ತ ಬಾಗಿದರು. ಆ ಕಿವಿಯೊಳಗೆ ಅಳಿಸಿಹೋದ ಸಾಲುಗಳು ನನಗೆ ಕಂಡಂತಾಯಿತು. ಎದ್ದು ನಿಂತೆ.

"ಎರಡನೇ ಗೂಡಿಗೂ ದಿನಾ ನೆಲ್ಲಿಕಾಯಿ ಹಾಕಿದೀನಿ, ಸಾರ್. ನಾನೇ ಹಾಕಿದ್ದು."