ನೀರಿಗೆ ಹಾಕದ ಗುದ್ದಲಿ

"ಕೇಳಿದ್ಯಾ ಮುನಿಯಲ್ಲಮ್ಮ? ಗಿಡ ನೆಡೋದೇ ಬೇಡ ಅಂದ್ರಂತೆ! ಮಂತ್ರಿಗಳ ಮುಖಕ್ಕೇ ಹೇಳಿದ್ರಂತೆ!"

ಉಪನಿರ್ದೇಶಕ ಪಂಚಾಕ್ಷರಯ್ಯನವರು ಬಾಗಿಲು ತಳ್ಳಿಕೊಂಡು ಬಂದು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು. ಅಟೆಂಡರ್ ಮುನಿಯಲ್ಲಮ್ಮ ಚಹಾ ಲೋಟಗಳ ತಟ್ಟೆಯನ್ನು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

"ಯಾರು ಸಾ? ನಮ್ ಮೇಡಮ್ಮಾ?"

"ಇನ್ಯಾರು? ಜೀವವೈವಿಧ್ಯ ಉಳಿಸಿ ಅಂತ ಸರ್ಕಾರ ಕುರ್ಚಿ ಕೊಟ್ರೆ ಗಿಡ ಬೇಡ ಅಂತಾರಲ್ಲ! ಏನೋ ಇದೆ ಬಿಡು ಇದರ ಹಿಂದೆ."

ಬಾಗಿಲ ಹಿಂದಿನ ಮೂಲೆಯಲ್ಲಿ ನಿಂತಿದ್ದ ನನಗೂ ಹಾಗೇ ಅನ್ನಿಸಿತು. ಏನೋ ಇದೆ.

ನಾನು ಒಂದು ಗುದ್ದಲಿ. ಹುಟ್ಟಿದ್ದು ಶಿರಾ ಕಡೆಯ ಒಂದು ಕುಲುಮೆಯಲ್ಲಿ. ಕಮ್ಮಾರ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು, ಬಾಗಿಸಿ, ನೆತ್ತಿಯಲ್ಲಿ ಒಂದು ಕಣ್ಣು ಮಾಡಿ, ಅದರೊಳಗೆ ಜಾಲಿ ಮರದ ಹಿಡಿ, ಅಂದರೆ ಕಾವು, ತೂರಿಸಿದ. ಮೊದಲು ಬಾವಿ ತೋಡುವವರ ಹೆಗಲೇರಿದೆ. ಆಮೇಲೆ ಅರಣ್ಯದ ಗುತ್ತಿಗೆದಾರನೊಬ್ಬ ಸಸಿಗಳಿಗೆ ಗುಂಡಿ ತೆಗೆಸಲು ನನ್ನನ್ನು ಕೊಂಡ. ಅಲ್ಲಿಯವರೆಗೆ ನನ್ನದು ಎಲ್ಲ ಗುದ್ದಲಿಗಳ ಬದುಕೇ. ಬೆಳಗ್ಗೆ ಬೆವರು, ಸಂಜೆ ಮಣ್ಣು.

ಒಂದು ದಿನ ಸಸಿ ನೆಡಲು ಒಬ್ಬ ಶಾಸಕರು ಬಂದರು. ಅವರಿಗೆಂದು ತಂದಿದ್ದ ಹೊಸ ಗುದ್ದಲಿ ಜೀಪಿನಲ್ಲೇ ಉಳಿದುಹೋಗಿತ್ತು. ಅವಸರದಲ್ಲಿ ಯಾರೋ ನನ್ನನ್ನೇ ಅವರ ಕೈಗೆ ಕೊಟ್ಟರು. ಮರುವಾರ ಅವರು ಮಂತ್ರಿಯಾದರು! ಅಲ್ಲಿಗೆ ನನ್ನ ಹಣೆಬರಹ ಬದಲಾಯಿತು. ನನ್ನನ್ನು ತೊಳೆದರು, ರಿಬ್ಬನ್ ಸುತ್ತಿದರು, 'ಲಕ್ಕಿ ಗುದ್ದಲಿ' ಎಂದು ಬೆಂಗಳೂರಿಗೆ ತಂದು ಜೀವವೈವಿಧ್ಯ ನಿರ್ದೇಶನಾಲಯದ ಮೂಲೆಯಲ್ಲಿ ನಿಲ್ಲಿಸಿದರು. ಅಂದಿನಿಂದ ಮಂತ್ರಿಗಳು ಬದಲಾದರು, ಇಲಾಖೆಯ ಹೆಸರು ಬದಲಾಯಿತು. ಸಸಿ ನೆಡುವ ದಿನ ಮಾತ್ರ ನಾನೇ ಬೇಕು.

ಆ ದಿನದ ಹಿಂದಿನ ಸಂಜೆ ಮುನಿಯಲ್ಲಮ್ಮ ತಪ್ಪದೇ ಒಂದು ಕೆಲಸ ಮಾಡುತ್ತಿದ್ದಳು. ಬಕೆಟ್ಟಿಗೆ ನೀರು ತುಂಬಿಸಿ ನನ್ನನ್ನು ತಲೆಕೆಳಗಾಗಿ ಅದ್ದಿಡುವುದು. ಮರ ನೀರು ಕುಡಿದು ಉಬ್ಬಿ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಲ್ಲ. ಒಣಗಿದರೆ ಕಾವು ಸಡಿಲ. ಹಳ್ಳಿಯಲ್ಲಿ ಎಲ್ಲರೂ ಮಾಡುವ ಕೆಲಸವೇ.

ಮೂಲೆಯಲ್ಲಿ ನಿಂತವನಿಗೆ ಮನುಷ್ಯರ ಮುಖಕ್ಕಿಂತ ಕಾಲೇ ಹೆಚ್ಚು ಕಾಣುತ್ತದೆ. ಪಂಚಾಕ್ಷರಯ್ಯನವರ ಬೂಟು ಸದಾ ಪಳಪಳ. ಹೊಸದಾಗಿ ಬಂದ ನಿರ್ದೇಶಕಿ ಜಹನಾರಾ ಬಳಿಗಾರ ಅವರದ್ದು ಬಟ್ಟೆಯ ಶೂ. ಸೋಮವಾರ ಬಂತೆಂದರೆ ಅದರ ತುಂಬ ಹುಲ್ಲಿನ ಮುಳ್ಳು! ನನಗೆ ಮೊದಲ ಅನುಮಾನ ಬಂದಿದ್ದು ಅಲ್ಲೇ. ಭಾನುವಾರ ಈ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಯಾರನ್ನು ನೋಡುತ್ತಾಳೆ?

ಕಚೇರಿಯಲ್ಲೂ ಗುಸುಗುಸು. ಸಸಿ ನೆಡಬೇಕಿದ್ದ ಜಾಗದ ಮೇಲೆ ಯಾರದೋ ಕಣ್ಣಿದೆ, ಮೇಡಂ ಅವರ ಕಡೆಯವರು ಅಂತ ಒಬ್ಬರು. ವರ್ಗಾವಣೆ ಬೇಕಿರಬೇಕು, ಅದಕ್ಕೇ ಜಗಳ ತೆಗೀತಿದ್ದಾರೆ ಅಂತ ಇನ್ನೊಬ್ಬರು. ನನಗಂತೂ ನನ್ನದೇ ಚಿಂತೆ. ಸಸಿ ನೆಡುವುದೇ ನಿಂತರೆ ಗುದ್ದಲಿ ಯಾರಿಗೆ ಬೇಕು?

ವಿಷಯ ಇಷ್ಟೇ. ಸರ್ಕಾರ ಒಂದು ಯೋಜನೆ ಮಾಡಿತ್ತು. ರಾಜ್ಯದ ಬಂಜರು ಬಯಲುಗಳಲ್ಲೆಲ್ಲ ಸಸಿ ನೆಟ್ಟು ಹಸಿರು ಮಾಡುವುದು. ಪರಿಸರ ದಿನದಂದು ಶಿರಾ ಕಡೆಯ ಕೆಂಚನಬಯಲಿನಲ್ಲಿ ಮಂತ್ರಿಗಳಿಂದ ಮೊದಲ ಸಸಿ. ಅಲ್ಲಿ ಆದಂತೆಯೇ ಉಳಿದ ಜಿಲ್ಲೆಗಳಲ್ಲೂ. ಮೇಡಂ ಮಾತ್ರ ಇನ್ನೊಂದು ಕರಡು ನೀತಿ ಮಾಡಿಟ್ಟಿದ್ದರು. ಹುಲ್ಲುಗಾವಲನ್ನು ಬಂಜರು ಅನ್ನಬಾರದು, ಅಲ್ಲಿ ಮರ ಬೆಳೆಸಬಾರದು ಎಂದು. ಆ ಮೊದಲ ಸಸಿ ನೆಲಕ್ಕೆ ಹೋಯಿತೆಂದರೆ ಅವರ ನೀತಿ ಬೀರುವಿಗೆ.

"ನೀತಿ ಆಮೇಲೆ ನೋಡೋಣ ಮೇಡಂ. ಮೊದಲು ಒಂದು ಗಿಡ ನೆಡ್ಲಿ ಸಾಹೇಬ್ರು," ಎಂದರು ಪಂಚಾಕ್ಷರಯ್ಯ.

"ಒಂದು ಗಿಡ ಹಚ್ಚಿದ ಮ್ಯಾಲೆ ನೋಡಾಕ ಏನ್ ಉಳೀತೈತ್ರಿ?" ಎಂದರು ಮೇಡಂ. ಹುಬ್ಬಳ್ಳಿಯವರು. ದನಿ ಎತ್ತದೆಯೇ ಜಗಳ ಆಡುತ್ತಾರೆ.

ಕಾರ್ಯಕ್ರಮದ ಹಿಂದಿನ ದಿನ ಪಂಚಾಕ್ಷರಯ್ಯನವರು ನನಗೆ ಚಿನ್ನದ ಬಣ್ಣ ಬಳಿಸಿದರು. ಫೋಟೋದಲ್ಲಿ ಮಿಂಚಬೇಕಂತೆ. ಮುನಿಯಲ್ಲಮ್ಮ ಬಕೆಟ್ ತಂದಳು.

"ಏಯ್, ನೀರಿಗೆ ಹಾಕ್ಬೇಡ! ಹಸಿ ಬಣ್ಣ, ಎದ್ದುಬರುತ್ತೆ."

"ನೆನೀದಿದ್ರೆ ಕಾವು..."

"ಹೇಳಿದಷ್ಟು ಮಾಡಮ್ಮ."

ಅವಳು ಗೊಣಗುತ್ತಾ ಬಕೆಟ್ ಎತ್ತಿಕೊಂಡು ಹೋದಳು. ಎಲ್ಲರೂ ಹೋದ ಮೇಲೆ ಮೇಡಂ ಬಂದು ನನ್ನನ್ನು ತಮ್ಮ ಕೋಣೆಗೆ ಒಯ್ದರು. ಬಾಗಿಲು ಹಾಕಿಕೊಂಡರು. ನನ್ನ ಅಲಗಿನ ಮೇಲೆ ಬೆರಳಾಡಿಸಿದರು, ಕಾವನ್ನು ತಿರುಗಿಸಿ ನೋಡಿದರು. ಮುರಿಯುತ್ತಾರೆ! ಇಲ್ಲವೇ ಬಚ್ಚಿಡುತ್ತಾರೆ! ಅವರು ಸುಮ್ಮನೆ ನಿಟ್ಟುಸಿರು ಬಿಟ್ಟು, "ನಿಂದೇನ್ ತಪ್ಪೋ ಮಾರಾಯಾ," ಎಂದು ತಂದು ಮೂಲೆಯಲ್ಲೇ ಇಟ್ಟರು. ಇದರಿಂದ ನನ್ನ ಅನುಮಾನ ಇನ್ನೂ ಹೆಚ್ಚಿತು. ಸುಳ್ಳು ಪ್ರೀತಿ ತೋರಿಸುವವರನ್ನು ನಾನು ಬಹಳ ನೋಡಿದ್ದೇನೆ. ಅವರೆಲ್ಲರೂ ಫೋಟೋಗೆ ನಿಂತವರು.

ಮರುದಿನ ಜೀಪಿನ ಹಿಂಭಾಗದಲ್ಲಿ ನನ್ನ ಪ್ರಯಾಣ. ದಾರಿಯುದ್ದಕ್ಕೂ ಬಿಸಿಲು. ಕಾವು ಒಳಗೊಳಗೇ ಒಣಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

ಕೆಂಚನಬಯಲು ಅಂದರೆ ಕಣ್ಣು ಹಾಯುವವರೆಗೂ ಕಂದು ಹುಲ್ಲು. ಶಾಮಿಯಾನ, ಮೈಕು, ಕುರ್ಚಿ. ಸಸಿ ನೆಡುವ ಕಡೆ ಸುಣ್ಣದ ಒಂದು ಗುಂಡು ಗುರುತು. ದೂರದಲ್ಲಿ ಕುರಿ ನಿಲ್ಲಿಸಿಕೊಂಡು ಊರಿನ ಚಿತ್ತಯ್ಯ ನೋಡುತ್ತಿದ್ದ.

"ಹುಲ್ ಕಿತ್ತು ಗಿಡ ಮಡಗ್ತೀರಾ ಸ್ವಾಮಿ? ನಮ್ ಕುರಿ ಏನು ನೆಳ್ಳು ತಿನ್ಕಂಡು ಬದುಕ್ಬೇಕಾ?" ಎಂದು ಅಲ್ಲಿಂದಲೇ ಕೂಗಿದ. ಪೊಲೀಸರು ಸುಮ್ಮನಿರಲು ಸನ್ನೆ ಮಾಡಿದರು.

ಮುನಿಯಲ್ಲಮ್ಮ ಅರಿಶಿನ ಕುಂಕುಮ ಹಚ್ಚಿ ನನ್ನನ್ನು ಮಂತ್ರಿಗಳ ಕೈಗಿತ್ತಳು. ಕ್ಯಾಮೆರಾಗಳು ಮುಂದೆ ಬಂದವು. ಅವರು ನನ್ನನ್ನು ತಲೆಯ ಮೇಲಕ್ಕೆತ್ತಿದರು.

ಕಾವು ಅವರ ಕೈಯಲ್ಲೇ ಉಳಿಯಿತು. ನಾನು ಹಾರಿದೆ! ಚಿನ್ನದ ಬಣ್ಣದಲ್ಲಿ ಮಿಂಚುತ್ತಾ ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಸುಣ್ಣದ ಗುರುತಿನ ಆಚೆ ಹುಲ್ಲಿನೊಳಗೆ ಬಿದ್ದೆ.

ಮಂತ್ರಿಗಳು ಬರೀ ಕೋಲು ಹಿಡಿದು ನಿಂತಿದ್ದರು. ಪಂಚಾಕ್ಷರಯ್ಯನವರೇ ಮೊದಲು ಬಾಯಿ ಬಿಟ್ಟರು. "ನಿನ್ನೆ ಸಂಜೆ ಈ ಗುದ್ದಲಿ ಮೇಡಂ ರೂಮಲ್ಲಿತ್ತು ಸಾರ್. ಬಾಗಿಲು ಹಾಕ್ಕೊಂಡಿದ್ರು. ವಾಚ್‌ಮನ್ ನೋಡಿದ್ದಾನೆ."

ಎಲ್ಲರ ಕಣ್ಣೂ ಮೇಡಂ ಕಡೆ ತಿರುಗಿತು. ಹುಲ್ಲಿನಲ್ಲಿ ಮಕಾಡೆ ಬಿದ್ದಿದ್ದ ನಾನೂ ಅಂದುಕೊಂಡೆ, ಸಿಕ್ಕಿಬಿದ್ದಳು.

ಅಷ್ಟರಲ್ಲಿ ಮುನಿಯಲ್ಲಮ್ಮ ಕುಂಕುಮದ ತಟ್ಟೆ ಹಿಡಿದುಕೊಂಡೇ ಹೇಳಿದಳು, "ನೀರಿಗಾಕ್ಬೇಡ, ಬಣ್ಣ ಹೋಯ್ತದೆ ಅಂದೋರು ನೀವೇ ಅಲ್ವಾ ಸಾ? ನೆನೀದಿದ್ರೆ ಕಾವು ನಿಲ್ತದಾ?"

ಚಿತ್ತಯ್ಯ ಗಹಗಹಿಸಿ ನಕ್ಕ. ಪಂಚಾಕ್ಷರಯ್ಯನವರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ನನಗೂ ಅಷ್ಟೇ ನಾಚಿಕೆಯಾಯಿತು. ಮೇಡಂ ನನ್ನ ಒಂದು ಕೂದಲನ್ನೂ ಕೊಂಕಿಸಿರಲಿಲ್ಲ.

"ಬೇರೆ ಗುದ್ದಲಿ ತರಿಸ್ಲಾ ಸಾರ್?" ಎಂದ ಒಬ್ಬ.

"ಬೇರೇದು ನಾನ್ ಮುಟ್ಟಲ್ಲ," ಎಂದರು ಮಂತ್ರಿಗಳು. "ಊರಲ್ಲಿ ಬಡಗಿ ಇದ್ರೆ ಕರೀರಿ, ಇದನ್ನೇ ಕೂರಿಸ್ಲಿ." ನನ್ನನ್ನು ಎತ್ತಿಕೊಳ್ಳಲು ತಾವೇ ಬಂದರು. ಅವರ ದೊಡ್ಡ ಬಿಳಿ ಚಪ್ಪಲಿ ನನ್ನ ಪಕ್ಕದಲ್ಲೇ ಮೇಲೆದ್ದಿತು.

"ಸರ್, ಕಾಲ ಹಿಂದಕ್ಕ ತಗೋರಿ!" ಮೇಡಂ ಕೂಗಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗಲೇ ನಾನೂ ಪಕ್ಕಕ್ಕೆ ನೋಡಿದೆ. ಹುಲ್ಲಿನ ಬುಡದಲ್ಲಿ ಅಂಗೈ ಗುಳಿಯಷ್ಟು ಗೂಡು. ಸುತ್ತ ಸಣ್ಣ ಕಲ್ಲುಗಳು, ಒಳಗೆ ಚುಕ್ಕೆ ಚುಕ್ಕೆಯ ಮೊಟ್ಟೆಗಳು. ಇನ್ನೊಂದು ಗೇಣು ಈಚೆ ಬಿದ್ದಿದ್ದರೆ ನಾನೇ ಅವನ್ನು ಒಡೆಯುತ್ತಿದ್ದೆ.

ಮಂತ್ರಿಗಳು ಬಗ್ಗಿ ನೋಡಿದರು. ಆಮೇಲೆ ಮೇಡಂ ಮುಖ ನೋಡಿದರು. "ಇದನ್ನ ನೀವೇ ತಂದು ಇಟ್ಟಿದ್ದಾ ಮೇಡಂ?"

"ನಾ ಇಟ್ಟಿದ್ರ ತಾಯಿ ಬಂದು ಕೂಡೂದಿಲ್ರಿ. ಬಡಗಿ ಬರೂತನಕ ಎಲ್ಲಾರೂ ಹಿಂದ ಸರದು ನೋಡೋಣು."

ಬಡಗಿ ಬರುವುದು ತಡವಾಯಿತು. ಮಂತ್ರಿಗಳು ಶಾಮಿಯಾನದ ನೆರಳಲ್ಲಿ ಎಳನೀರು ಕುಡಿಯುತ್ತಾ ಕೂತರು. ಅವರ ಕಣ್ಣು ಮಾತ್ರ ಇತ್ತಲೇ. ಸ್ವಲ್ಪ ಹೊತ್ತಿಗೆ ಒಂದು ನೆಲಗುಬ್ಬಿ ಬಂತು. ನೇರವಾಗಿ ಗೂಡಿಗೆ ಇಳಿಯಲಿಲ್ಲ. ದೂರದಲ್ಲಿಳಿದು, ಅತ್ತ ಇತ್ತ ನೋಡಿ, ಓಡಿ ನಿಂತು ಓಡಿ, ನನ್ನನ್ನೂ ಒಮ್ಮೆ ಅನುಮಾನದಿಂದ ದಿಟ್ಟಿಸಿ, ಆಮೇಲೆ ಮೊಟ್ಟೆಗಳ ಮೇಲೆ ಕೂತುಕೊಂಡಿತು. ನನಗಿಂತ ಅನುಮಾನದ ಪ್ರಾಣಿಯನ್ನು ನಾನು ಕಂಡಿದ್ದು ಅದೇ ಮೊದಲು.

"ಗಿಡ ಬಂದ್ರೆ ಗಿಡದ ಮೇಲೆ ಗೂಡು ಕಟ್ಕೊಳ್ಳಲಿ, ಏನೀಗ?" ಎಂದರು ಮಂತ್ರಿಗಳು.

"ಗಿಡ ಏರೂ ಜಾತಿ ಅಲ್ರಿ ಅದು. ಗಿಡ ಬಂತಂದ್ರ ಕಾಗಿ, ಹದ್ದು ಬಂದು ಮ್ಯಾಲ ಕೂತು ಇವನ್ನ ಹುಡುಕತಾವು. ಹುಲ್ಲು ಸಾಯತೈತಿ. ಇದು ಬಂಜರು ಅಲ್ರಿ ಸರ್. ತುಂಬಿದ ಮನಿ. ನಮಗ ಕಾಣಂಗಿಲ್ಲ ಅಷ್ಟ."

ಮಂತ್ರಿಗಳು ಎಳನೀರಿನ ಬುರುಡೆಯನ್ನು ಕೆಳಗಿಟ್ಟರು. ಬಡಗಿ ಬಂದು ಕೈಕಟ್ಟಿ ನಿಂತಿದ್ದ. ಅವನನ್ನು ವಾಪಸ್ ಕಳಿಸಿದರು.

"ಇವತ್ತು ಬೇಡ. ನಾಳೆ ಹನ್ನೊಂದಕ್ಕೆ ನನ್ನ ಚೇಂಬರ್‌ಗೆ ಬನ್ನಿ. ನಿಮ್ಮ ಹುಲ್ಲಿನ ನೀತಿ ತನ್ನಿ, ಪೂರ್ತಿ ಕೇಳ್ತೀನಿ. ಗುದ್ದಲೀನೂ ತನ್ನಿ. ರಿಪೇರಿ ಮಾಡಿಸ್ಬೇಡಿ. ಸಸಿ ಯಾಕೆ ನೆಡಲಿಲ್ಲ ಅಂತ ನನ್ನನ್ನೂ ಕೇಳೋರಿದ್ದಾರೆ. ತೋರಿಸೋಕೆ ಏನಾದ್ರೂ ಬೇಕಲ್ಲ."

ಈಗ ನಾನು ಮತ್ತೆ ಬಾಗಿಲ ಹಿಂದಿನ ಮೂಲೆಯಲ್ಲಿದ್ದೇನೆ. ಕಾವು ಒಂದು ಕಡೆ, ನಾನು ಒಂದು ಕಡೆ. ವಯಸ್ಸಾಯಿತು. ಚಿನ್ನದ ಬಣ್ಣ ಆಗಲೇ ಏಳುತ್ತಿದೆ, ಅಡಿಯಲ್ಲಿ ಹಳೇ ಲಾರಿಯ ಕಬ್ಬಿಣ ಕಾಣುತ್ತಿದೆ. ಮಂತ್ರಿಗಳ ಮಾತನ್ನು ನಂಬುತ್ತೇನೆಯೇ? ಇಲ್ಲ. ಪಂಚಾಕ್ಷರಯ್ಯನವರು ಆಗಿನಿಂದ ಫೋನಿಗೆ ಕೈ ಅಡ್ಡ ಹಿಡಿದು ಯಾರ ಜೊತೆಗೋ ಪಿಸುಗುಡುತ್ತಿದ್ದಾರೆ. ಸಭೆ ಮುಗಿಯುವವರೆಗೂ ಏನು ಬೇಕಾದರೂ ಆಗಬಹುದು. ಆದರೆ ಆ ಬಟ್ಟೆಯ ಶೂಗಳ ಮೇಲಿನ ಅನುಮಾನ ನನಗಿಲ್ಲ. ಭಾನುವಾರ ಅವು ಎಲ್ಲಿಗೆ ಹೋಗುತ್ತಿದ್ದವು ಎಂದು ಈಗ ಗೊತ್ತು. ಅದೇ ಹುಲ್ಲಿನ ಮುಳ್ಳು ನನ್ನ ಕಣ್ಣಿನೊಳಗೂ ಸಿಕ್ಕಿಕೊಂಡಿದೆ.

ಸಂಜೆ ಮುನಿಯಲ್ಲಮ್ಮ ಬಕೆಟ್ ಹಿಡಿದು ಬಂದು ನಿಂತಳು. "ನೀರಿಗಾಕ್ಲಾ ಮೇಡಮ್ಮಾ?"

ಮೇಡಂ ನನ್ನ ಕಡೆ ನೋಡಿ ನಕ್ಕರು. "ಬ್ಯಾಡ. ನಾಳೆ ಹನ್ನೊಂದಕ್ಕ ಹಿಂಗ ಹೋಗೋಣು."

ಮುನಿಯಲ್ಲಮ್ಮ ಖಾಲಿ ಬಕೆಟ್ಟನ್ನು ನನ್ನ ಪಕ್ಕದಲ್ಲೇ ಬೋರಲು ಹಾಕಿ ದೀಪ ಆರಿಸಿದಳು.