ಬರಿ ಡಾಂಬರಿನ ಮೇಲೆ ಸರಪಳಿ

ಹಿಮ ಕರಗಿದ್ದೇ ತಡ, ಹೊಸ ರಸ್ತೆಯ ಮೈಮೇಲೆ ಬಿಳಿ ಗೀರುಗಳು ಎದ್ದು ಕಂಡವು. ಏಣಿಯ ಮೆಟ್ಟಿಲಿನ ಹಾಗೆ ಒಂದರ ಹಿಂದೊಂದು, ಸೇತುವೆಯಿಂದ ಗುಡ್ಡದ ತಿರುವಿನವರೆಗೆ, ಮೂರು ಕಿಲೋಮೀಟರು. ಹಿಮದಲ್ಲಿ ಜಾರದಿರಲೆಂದು ಟ್ರ್ಯಾಕ್ಟರ್ ಚಕ್ರಕ್ಕೆ ಸುತ್ತುವ ಸರಪಳಿಯ ಗುರುತು ಅದು ಎನ್ನುವುದು ನಾರ್ವೆಯ ಆ ಕಣಿವೆಯಲ್ಲಿ ಹಾಲು ಕುಡಿಯುವ ಕೂಸಿಗೂ ತಿಳಿಯುತ್ತಿತ್ತು. ಯಾರ ಟ್ರ್ಯಾಕ್ಟರ್ ಎಂಬುದಷ್ಟೇ ತಿಳಿಯದು.

ಕಂಡುಹಿಡಿಯುವ ಕೆಲಸ ಪುರಸಭೆಯ ರಸ್ತೆ ಮೇಲ್ವಿಚಾರಕಿ ರಾಗ್ನಿಯ ತಲೆಗೆ ಬಂತು. ಊರವರು ಹನ್ನೆರಡು ವರ್ಷ ಅರ್ಜಿ ಕೊಟ್ಟು, ಜಗಳ ಆಡಿ, ಅಂತೂ ಇಂತೂ ಹಾಕಿಸಿಕೊಂಡ ಡಾಂಬರು. ಹಿಮ ತೆಗೆಯುವ ಗುತ್ತಿಗೆ ಅಲ್ಲಿನ ರೈತರದ್ದೇ. ನಿಯಮವೂ ಸುಲಭವೇ: ರಸ್ತೆ ಬರಿದಾಗಿದ್ದರೆ ಸರಪಳಿ ಬಿಚ್ಚಬೇಕು, ಹಿಮ ಶುರುವಾಗುವ ತಿರುವಿನಲ್ಲಿ ನಿಂತು ಕಟ್ಟಿಕೊಳ್ಳಬೇಕು, ಇಳಿದು ಬರುವಾಗ ಮತ್ತೆ ಬಿಚ್ಚಬೇಕು. ತಪ್ಪಿದರೆ ಗುತ್ತಿಗೆ ಹೋಯಿತು ಎಂದೇ ಲೆಕ್ಕ.

ಬರಿ ರಸ್ತೆಯ ಮೇಲೆ ಸರಪಳಿ ಹೋದರೆ ಸತ್ತವರೂ ಎದ್ದು ಕೂರುವಂಥ ಗಲಾಟೆ. ಆದರೂ ರಾಗ್ನಿ ಯಾರನ್ನು ವಿಚಾರಿಸಿದರೂ, ಅಯ್ಯೋ, ನಮಗೇನೂ ಕೇಳಿಸಲೇ ಇಲ್ಲ ಎಂದರು. ಊರಿಗೆ ಊರೇ ಆ ವಾರ ಕಿವುಡಾಗಿತ್ತು. ಯಾರನ್ನೋ ಕಾಪಾಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಕೋಪ ಬರಬೇಕಿತ್ತು, ಕುತೂಹಲ ಬಂತು.

ಟೇಪು ಹಿಡಿದು ರಸ್ತೆಯಲ್ಲೇ ಮಂಡಿಯೂರಿದಳು. ಬಲಗಡೆಯ ಸಾಲಿನಲ್ಲಿ ಆಗಾಗ ಒಂದು ಗೀರು ಮಾತ್ರ ಆಳವಾಗಿ ಕೊರೆದಿತ್ತು. ತುಂಡಾದ ಕೊಂಡಿಗೆ ಯಾರೋ ದಪ್ಪ ಬೋಲ್ಟು ಹಾಕಿ ಬಿಗಿದಿದ್ದಾರೆ, ಚಕ್ರ ಒಂದು ಸುತ್ತು ಬಂದಾಗೊಮ್ಮೆ ಅದು ನೆಲಕ್ಕೆ ಕಚ್ಚುತ್ತಿದೆ. ಅಳೆದಳು. ಐದು ಮೀಟರು ಇಪ್ಪತ್ತು. ಇನ್ನೊಂದು ಕಡೆ ಅಳೆದಳು, ಅಷ್ಟೇ. ಚಕ್ರದ ಸುತ್ತಳತೆ ಕೈಗೆ ಸಿಕ್ಕಿತ್ತು.

ಸೇತುವೆಯಾಚೆ ಜಲ್ಲಿ ರಸ್ತೆ, ಅಲ್ಲಿ ಗುರುತು ನಿಲ್ಲುವುದಿಲ್ಲ. ಆ ಕಡೆ ಇರುವುದು ಮೂರೇ ಮನೆ. ಓಡ್ವಾರನ ಸರಪಳಿ ಕೊಟ್ಟಿಗೆಯ ಗೋಡೆಗೆ ನೇತುಬಿದ್ದು ಒಣಗಿತ್ತು. ಪಕ್ಕದ ಅಣ್ಣತಮ್ಮಂದಿರ ಟ್ರ್ಯಾಕ್ಟರಿನ ಚಕ್ರ ಚಿಕ್ಕದು. ಉಳಿದವನು ಎಂಬ್ರಿಕ್. ಮೂವತ್ನಾಲ್ಕು ಚಳಿಗಾಲ ಆ ಗುಡ್ಡದ ಹಿಮ ತೆಗೆದವನು, ಬೇರೆಯವರ ಕೊಂಡಿ ಸಡಿಲವಿದ್ದರೆ ಹತ್ತು ಜನರೆದುರು ಮಾನ ಕಳೆಯುವವನು. ಅವನಾಗಿರಲಾರ ಎಂದುಕೊಂಡೇ ರಾಗ್ನಿ ಅಂಗಳಕ್ಕೆ ಹೋದಳು. ಟ್ರ್ಯಾಕ್ಟರ್ ಅಲ್ಲೇ ನಿಂತಿತ್ತು. ಸರಪಳಿ ಚಕ್ರದ ಮೇಲೇ ಇತ್ತು. ಬಲಗಡೆ ದಪ್ಪ ಬೋಲ್ಟು ತೇದು ಬೆಳ್ಳಗೆ ಹೊಳೆಯುತ್ತಿತ್ತು.

ಎಂಬ್ರಿಕ್ ತಪ್ಪಿಸಿಕೊಳ್ಳಲಿಲ್ಲ. ಒಳಗೆ ಕರೆದ, ಕಾಫಿ ಇಟ್ಟ. ಕಂದು ಚೀಸಿನ ಗಡ್ಡೆಯನ್ನು ಅವಳ ಕಡೆ ತಳ್ಳಿ, ಬೇಕಾದಷ್ಟು ಹೆರೆದುಕೋ ಎಂದ. ನಾಳೆಯೋ ನಾಡಿದ್ದೋ ಮತ್ತೆ ಹಿಮ ಬೀಳುತ್ತದೆ, ಬಿಚ್ಚುವುದು ಕಟ್ಟುವುದು ಯಾಕೆ ಎಂದು ವಾದಿಸಿದ. ವಾದದಲ್ಲಿ ಹುರುಳಿರಲಿಲ್ಲ, ಅವನಿಗೂ ಅದು ಗೊತ್ತಿತ್ತು. ರಾಗ್ನಿ ಅವನ ಮಾತು ಕೇಳುವುದು ಬಿಟ್ಟು ಕೈ ನೋಡುತ್ತಿದ್ದಳು. ಒಲೆ ಧಗಧಗ ಉರಿಯುತ್ತಿದೆ, ಇವನು ಕೈಗವಸು ತೆಗೆದಿಲ್ಲ. ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಎತ್ತುತ್ತಾನೆ.

"ಎಂಬ್ರಿಕ್, ಈಗಲೇ ನನ್ನೆದುರಿಗೆ ಸರಪಳಿ ಬಿಚ್ಚು," ಎಂದಳು. "ಬಿಚ್ಚಿದ್ರೆ ಇದು ಇಲ್ಲಿಗೇ ಮುಗೀತು. ನಾನೇನೂ ಬರೆಯಲ್ಲ."

ಅವನು ಎದ್ದು ಅಂಗಳಕ್ಕೆ ಹೋದ. ಚಕ್ರದ ಪಕ್ಕ ಕೂತು ಬಿಗಿ ಕೊಂಡಿಗೆ ಕೈ ಹಾಕಿದ. ಜಾರಿತು. ಮತ್ತೆ ಹಾಕಿದ. ಆಮೇಲೆ ಕೈಗವಸುಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಸಾಡಿದ. ಎರಡೂ ಕೈಯ ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಗಟ್ಟಿಯಾಗಿದ್ದವು. ಹೆಬ್ಬೆರಳು, ತೋರುಬೆರಳು ಮಾತ್ರ ಅಲ್ಪಸ್ವಲ್ಪ ಆಡುತ್ತಿದ್ದವು. ರಾಗ್ನಿಗೆ ಯಾಕಾದರೂ ಅಳೆಯಲು ಹೋದೆನೋ ಎನಿಸಿತು.

ನವೆಂಬರಿನಲ್ಲಿ ಇಡೀ ಒಂದು ದಿನ ಒದ್ದಾಡಿ ಸರಪಳಿ ಕಟ್ಟಿದ್ದನಂತೆ. ಬಿಚ್ಚಿದರೆ ಮತ್ತೆ ಕಟ್ಟಲಾಗುವುದಿಲ್ಲ ಎಂದು ಹಾಗೇ ಬಿಟ್ಟಿದ್ದನಂತೆ. ಊರವರಿಗೆ ಸದ್ದು ಗೊತ್ತು, ಕೈ ಗೊತ್ತಿಲ್ಲ.

ನಾನೇ ದಿನಾ ಬಂದು ಕಟ್ಟಿ ಬಿಚ್ಚಿ ಹೋಗುತ್ತೇನೆ, ಇಲ್ಲವಾದರೆ ನಿನ್ನ ಕೈಗೆ ಹೀಗಾಗಿದೆ ಎಂದು ಬರೆದು ಪುರಸಭೆಯಿಂದ ಒಬ್ಬ ಜೊತೆಗಾರನನ್ನು ಕೊಡಿಸುತ್ತೇನೆ, ಗುತ್ತಿಗೆ ಉಳಿಯುತ್ತದೆ ಎಂದಳು ರಾಗ್ನಿ. ಎಂಬ್ರಿಕ್ ತಲೆ ಅಲ್ಲಾಡಿಸಿದ.

"ಬೇಡ. ಎಂಬ್ರಿಕ್ ಹಠ ಹಿಡಿದ, ಎಷ್ಟು ಹೇಳಿದ್ರೂ ಬಿಚ್ಚಲಿಲ್ಲ ಅಂತ ಬರಿ."

"ಹಾಗೆ ಬರೆದ್ರೆ ಗುತ್ತಿಗೆ ಹೋಗುತ್ತೆ."

"ಹೋಗಲಿ. ಹಠಮಾರಿ ಅಂತ ಕಳಿಸಿದ್ರೆ ಅಂಗಡಿಗೆ ತಲೆ ಎತ್ತಿಕೊಂಡು ಹೋಗ್ತೀನಿ. ಕೈಲಾಗದವನು ಅಂತ ಪಾಪ ಅನ್ನಿಸಿಕೊಂಡು ಹೋಗಲಾರೆ. ಕೈ ವಿಷಯ ಬರೀಬೇಡ, ರಾಗ್ನಿ."

ಅವಳು ಅಡುಗೆಮನೆಯ ಮೇಜಿನ ಮೇಲೆ ಅವನು ಹೇಳಿದ ಹಾಗೇ ಬರೆದಳು. ಕೆಳಗೆ ಚಾಲಕನ ಸಹಿ ಬೇಕಿತ್ತು. ಎಂಬ್ರಿಕ್ ಪೆನ್ನನ್ನು ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು ಬಾಗಿದ. ಬಹಳ ಹೊತ್ತು ಹಿಡಿಯಿತು. ಅವಳು ಕಿಟಕಿಯ ಕಡೆ ತಿರುಗಿ ನಿಂತಳು.

ಮಧ್ಯಾಹ್ನ ಕಚೇರಿಯಲ್ಲಿ ಸಾಹೇಬರು ಕಾಗದ ಓದಿದರು. ಅರ್ಧ ಹಾಳೆ ತುಂಬಿದ ಸೊಟ್ಟಂಬಟ್ಟ ಸಹಿಯನ್ನು ನೋಡಿ ನಕ್ಕರು.

"ಸಹಿಯಲ್ಲೂ ಎಷ್ಟು ಸೊಕ್ಕು ನೋಡು ಮುದುಕನಿಗೆ."

"ಹೌದು," ಎಂದಳು ರಾಗ್ನಿ. "ಭಾರೀ ಸೊಕ್ಕಿನ ಮನುಷ್ಯ."